ಎಡದಡದ ಜೊಂಡು

ಏರೋಪ್ಲೇನ್ ಚಿಟ್ಟೆಗಳ ವಿಷಯದಲ್ಲಿ ನನ್ನೆದುರು ಬಾಯಿ ತೆಗೆಯುವವರು ಮಳವಳ್ಳಿ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಜಂಬ ಅಂದುಕೊಂಡರೂ ಸರಿಯೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾ, ಹನ್ನೊಂದು ವರ್ಷದ ಭಾನುವಾರಗಳನ್ನೆಲ್ಲ ಶಿವನಸಮುದ್ರದ ನಡುಗಡ್ಡೆಯ ಒಂದು ತೋಡಿನಲ್ಲಿ ಮೊಣಕಾಲುದ್ದ ನೀರಲ್ಲಿ ಕಳೆದವಳು ಈ ವನಜಾ.

ಆ ತೋಡಿನಲ್ಲಿ ಒಂದು ಜಾತಿಯ ಚಿಟ್ಟೆಯಿದೆ. ಕರಿ ಮೈ, ಬಾಲದ ತುದಿಗೆ ಅರಿಶಿನದ ಪಟ್ಟೆ. ಬೇರೆಲ್ಲೂ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಮರಿ ವರ್ಷವಿಡೀ ನೀರಿನ ತಳದಲ್ಲಿ ಬೆಳೆದು, ಒಂದು ಬೆಳಗ್ಗೆ ಜೊಂಡಿನ ಕಡ್ಡಿ ಹತ್ತಿ, ಪೊರೆ ಬಿಟ್ಟು ಹಾರುತ್ತದೆ. ಗಂಡು ಮೂರು ಮಾರು ನೀರನ್ನು ತನ್ನದೆಂದು ಹಿಡಿದು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಅಟ್ಟಿಬಿಡುತ್ತದೆ.

ಜೊಂಡು ಕೊಯ್ದರೆ ಅದರ ಮನೆಯೇ ಹೋಯಿತು ಅನ್ನುವುದು ಆಗಿನ ನನ್ನ ಲೆಕ್ಕಾಚಾರ. ಮೂರು ವರ್ಷದ ಹಿಂದೆ ಅರಣ್ಯ ಇಲಾಖೆಯ ಕಚೇರಿಗೆ ಕಾಗದ ಬರೆದು, ಹಟ ಹಿಡಿದು ಓಡಾಡಿ, ಇಲ್ಲಿ ಯಾರೂ ಕುಡುಗೋಲು ಹಾಕಬಾರದು ಎಂದು ಬೋರ್ಡು ನೆಡಿಸಿದೆ. ವರ್ಷವೂ ಜೊಂಡು ಕೊಯ್ದು ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿ ದೊಡ್ಡಸಿದ್ದಯ್ಯ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದರು. ಗದ್ದೆಗೆ ಬೇರೆ ಕಾಲುವೆಯಿಂದ ನೀರು ತಂದುಕೊಂಡರು.

ಆಗ ಅರವತ್ತು ಚಿಟ್ಟೆಗಳಿದ್ದವು. ಈ ಅಕ್ಟೋಬರಿನಲ್ಲಿ ನಾಲ್ಕು. ಎರಡೂ ದಡದ ಜೊಂಡು ನಡುವೆ ಕೂಡಿಕೊಂಡು, ನೀರು ನಿಂತು, ಹೂಳು ನಾರುತ್ತಿತ್ತು. ಹೆಣ್ಣು ಮೊಟ್ಟೆಯಿಡಲು ಬಿಸಿಲು ಬಿದ್ದ ಹರಿಯುವ ನೀರು ಒಂದು ಗೇಣೂ ಇರಲಿಲ್ಲ. ಆ ನಾಲ್ಕೂ ಹೋದರೆ ಮತ್ತೆ ತರಲು ಬೇರೆ ಜಾಗವಿಲ್ಲ. ಕಾಪಾಡಲು ಹೋಗಿ ಕೊಲ್ಲುತ್ತಿರುವವಳು ನಾನೇ ಎಂದು ಗೊತ್ತಾಯಿತು.

ನೇರ ದೊಡ್ಡಸಿದ್ದಯ್ಯನವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು.

"ತಪ್ಪು ನಂದೇ. ಮೊದಲಿನ ಹಾಗೆ ಕೊಯ್ದುಕೊಡಿ" ಅಂದೆ.

"ಬೋರ್ಡು ಕೇಳ್ತದಾ?"

"ಅದನ್ನ ನಾನು ಕೀಳಿಸ್ತೀನಿ. ನೀವು ಹೇಗೆ ಕೊಯ್ತಿದ್ರಿ, ಅದನ್ನ ಹೇಳಿ."

"ಒಂದ್ ವರ್ಸ ಎಡದಡ, ಮುಂದಿನ್ ವರ್ಸ ಬಲದಡ. ಎರಡೂ ಒಂದೇ ಸಲ ಬೋಳು ಮಾಡುದ್ರೆ ಮಣ್ಣು ಕುಸೀತದೆ ಕಣಮ್ಮ. ನಾನೇನು ನಿಮ್ಮ ಉಳ ಸಾಕ್ತಿರ್ನಿಲ್ಲ."

ಸಾಕುತ್ತಿದ್ದರು. ಒಂದು ದಡದಲ್ಲಿ ಹತ್ತಲು ಕಡ್ಡಿ, ಇನ್ನೊಂದು ದಡದಲ್ಲಿ ಬಿಸಿಲು, ನಡುವೆ ಹರಿಯುವ ನೀರು. ಹನ್ನೊಂದು ವರ್ಷ ಅದೇ ನೀರಲ್ಲಿ ನಿಂತಿದ್ದ ನನಗೆ ಚಿಟ್ಟೆ ಕಂಡಿತ್ತು, ಈ ಮನುಷ್ಯ ಕಂಡಿರಲಿಲ್ಲ. ನನ್ನ ಓದಿನ ಮೇಲೆಯೇ ನನಗೆ ಸಿಟ್ಟು ಬಂತು.

ಕಚೇರಿಗೆ ಹೋಗಿ ನನ್ನ ಸಲಹೆ ತಪ್ಪಾಗಿತ್ತೆಂದು ಸಹಿ ಮಾಡಿ ಕೊಟ್ಟೆ. ಅಧಿಕಾರಿ ಮುಖ ನೋಡಿ ನಕ್ಕರು. ನಗಲಿ ಬಿಡಿ ಅಂದುಕೊಂಡು ಅಪ್ಪಣೆ ಬರೆಸಿಕೊಂಡೇ ಎದ್ದೆ.

ಮುಂದಿನ ಭಾನುವಾರ ಇಬ್ಬರೂ ನೀರಿಗಿಳಿದೆವು. ನನ್ನ ಕೈಗೂ ಒಂದು ಕುಡುಗೋಲು ಕೊಟ್ಟರು. "ಬುಡಕ್ಕೆ ಆಕು, ಬೇರು ಕೀಳಬ್ಯಾಡ" ಅಂತ ಗದರಿದರು. ಎಡದಡ ಅರ್ಧ ಮುಗಿಯುವಷ್ಟರಲ್ಲಿ ಕೈಯೆಲ್ಲ ಬೊಬ್ಬೆ. ತಡೆದಿದ್ದ ನೀರು ಸರಿದು ಹರಿಯತೊಡಗಿತು, ಬಿಸಿಲು ತಳಕ್ಕೆ ಬಿತ್ತು.

ಹನ್ನೊಂದರ ಹೊತ್ತಿಗೆ ಒಂದು ಹೆಣ್ಣು ಬಂತು. ನಮ್ಮಿಬ್ಬರ ನಡುವೆಯೇ, ಹೊಸದಾಗಿ ತೆರೆದ ನೀರಿಗೆ ಬಾಲದ ತುದಿ ಅದ್ದಿ ಎತ್ತಿ, ಅದ್ದಿ ಎತ್ತಿ, ಮೊಟ್ಟೆಯಿಡತೊಡಗಿತು. ನಾನು ನಿಂತಲ್ಲೇ ಅತ್ತುಬಿಟ್ಟೆ.

ದೊಡ್ಡಸಿದ್ದಯ್ಯ ಅದು ಹೋಗುವವರೆಗೂ ಎತ್ತಿದ ಕುಡುಗೋಲು ಇಳಿಸಲಿಲ್ಲ.