ಬಾರದ ಉತ್ತರಕ್ಕೆ ಒಂದು ಸೊನ್ನೆ

ರಾಜ್ಯದ ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿದ ಒಂದು ಮೇಜು. ಹದಿನೇಳು ವರ್ಷದಿಂದ ಆ ಮೇಜಿನ ಮುಂದೆ ಕೂತ ಗುಮಾಸ್ತೆಯನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ಹಿರಿಯರು ಅದೇ ಕೋಣೆಯಲ್ಲಿ ಇಬ್ಬರಿದ್ದರು. ಅವರ ಬಾಯಲ್ಲೂ ಅವಳು ದೊಡ್ಡಕ್ಕನೇ.

ಕೇಂದ್ರ ಸರ್ಕಾರ ಔಷಧ, ಆಸ್ಪತ್ರೆಗಳ ಬಗ್ಗೆ ಏನಾದರೂ ನಿಯಮ ಬದಲಿಸುವ ಮುಂಚೆ ರಾಜ್ಯಗಳಿಗೆ ಒಂದು ಕಾಗದ ಬರೆದು, ನಿಮ್ಮ ಕಡೆ ಹೇಗಿದೆ ಎಂದು ಕೇಳುವುದುಂಟು. ಆ ಕಾಗದಕ್ಕೆ ಉತ್ತರ ಸಿದ್ಧ ಮಾಡುವುದು ದೊಡ್ಡಕ್ಕನ ಕೆಲಸ. ಕಾಗದದ ಪ್ರತಿಯನ್ನು ಹದಿನಾಲ್ಕು ಜಿಲ್ಲೆಗಳಿಗೆ ಕಳಿಸಬೇಕು, ಗಡುವಿನ ದಿನದವರೆಗೆ ಕಾಯಬೇಕು, ಬಂದದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ತುಂಬಿ ನಿರ್ದೇಶಕರ ಸಹಿಗೆ ಇಡಬೇಕು. ಕೇಳಲು ಸುಲಭ. ಆದರೆ ಹದಿನಾಲ್ಕು ಜಿಲ್ಲೆಗಳೂ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟ ದಿನ ಅವಳ ನೆನಪಿನಲ್ಲಿ ಒಂದೂ ಇಲ್ಲ. ಒಂದು ಕಡೆ ಅಧಿಕಾರಿಗೆ ರಜೆ, ಇನ್ನೊಂದು ಕಡೆ ಕುರ್ಚಿಯೇ ಖಾಲಿ, ಮತ್ತೊಂದು ಕಡೆ ಕಾಗದ ಯಾವುದೋ ಕಡತದ ಹೊಟ್ಟೆ ಸೇರಿ ನಿದ್ದೆ ಹೊಡೆಯುತ್ತಿರುತ್ತಿತ್ತು.

ಅದಕ್ಕೂ ಒಂದು ಪದ್ಧತಿ ಇತ್ತು. ಹಿಂದಿನ ಗುಮಾಸ್ತರು ಮೇಜು ಬಿಟ್ಟುಕೊಡುವಾಗ ಹೇಳಿಕೊಟ್ಟದ್ದು.

"ಪಟ್ಟೀಲಿ ಖಾಲಿ ಮನೆ ಬಿಡಬೇಡಮ್ಮ. ಖಾಲಿ ಕಂಡ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ಉತ್ತರ ಬರದೇ ಇದ್ದ ಕಡೆ ಸೊನ್ನೆ ಹಾಕು. ಹೇಳೋದು ಏನಾದ್ರೂ ಇದ್ದಿದ್ರೆ ಬರೀತಿದ್ರು ತಾನೆ?"

ಮಾತು ನ್ಯಾಯವಾಗಿಯೇ ಕಂಡಿತ್ತು. ಅಂದಿನಿಂದ ದೊಡ್ಡಕ್ಕ ತಪ್ಪದೆ ಹಾಗೆಯೇ ಮಾಡಿಕೊಂಡು ಬಂದಿದ್ದಳು. ಎದುರು ಮೇಜಿನ ಟೈಪಿಸ್ಟ್ ಇದನ್ನೇ ಹಿಡಿದು ತಮಾಷೆ ಮಾಡುತ್ತಿದ್ದ. ಕೋಳಿ ಕೂಡ ದಿನಕ್ಕೆ ಒಂದೇ ಮೊಟ್ಟೆ ಇಡುತ್ತದೆ, ನಮ್ಮ ದೊಡ್ಡಕ್ಕ ಒಂದೇ ಮಧ್ಯಾಹ್ನ ಐದು ಇಡುತ್ತಾಳೆ ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಎಲ್ಲ ರಾಜ್ಯಗಳಿಗಿಂತ ಮೊದಲು ಉತ್ತರಿಸಿದ್ದಕ್ಕೆ ಅವರ ಕಚೇರಿಗೆ ಒಂದು ಪ್ರಶಂಸಾಪತ್ರವೂ ಬಂದಿತ್ತು. ನಿರ್ದೇಶಕರು ಅದಕ್ಕೆ ಕಟ್ಟು ಹಾಕಿಸಿ ತಮ್ಮ ತಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದರು.

ಹೋದ ವರ್ಷ ಬಂದ ಕಾಗದ ಮೂರ್ಛೆರೋಗದ ಮಾತ್ರೆಗಳದು. ಅಲ್ಲಿಯವರೆಗೆ ಊರೂರಿನ ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ನರ್ಸುಗಳೇ ಆ ಮಾತ್ರೆಯನ್ನು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡುತ್ತಿದ್ದರು. ಇನ್ನು ಮುಂದೆ ನರರೋಗದ ತಜ್ಞರು ತಿಂಗಳಿಗೊಮ್ಮೆ ನೋಡಿ ಚೀಟಿ ಬರೆದರೆ ಮಾತ್ರ ಮಾತ್ರೆ ಎಂದು ಕೇಂದ್ರ ಯೋಚಿಸಿತ್ತು. ತಜ್ಞರ ಬಳಿ ಹೋಗಲಾಗದ ರೋಗಿಗಳು ಯಾವ ಜಿಲ್ಲೆಯಲ್ಲಿ ಎಷ್ಟಿದ್ದಾರೆ ತಿಳಿಸಿ, ಅಲ್ಲಿ ಹಳೆಯ ಪದ್ಧತಿಯನ್ನೇ ಉಳಿಸುತ್ತೇವೆ ಎಂದೂ ಬರೆದಿತ್ತು. ಹನ್ನೊಂದು ಜಿಲ್ಲೆಗಳು ಉತ್ತರಿಸಿದವು. ಮೂರರ ಸುಳಿವಿಲ್ಲ. ದೊಡ್ಡಕ್ಕ ಮೂರು ಮನೆ ತುಂಬಿದಳು, ಕಾಗದ ಹೋಯಿತು. ಎಂಟು ತಿಂಗಳ ನಂತರ ಆದೇಶ ಬಂತು: ಹನ್ನೊಂದು ಜಿಲ್ಲೆಗಳಿಗೆ ವಿನಾಯಿತಿ, ಮೂರಕ್ಕೆ ಅಗತ್ಯವಿಲ್ಲ. ಅದನ್ನೂ ಎಂದಿನಂತೆ ಹದಿನಾಲ್ಕು ಲಕೋಟೆಗಳಲ್ಲಿ ಹಾಕಿ ಕಳಿಸಿದಳು.

ಆಮೇಲೊಂದು ಮಂಗಳವಾರ ಬೆಳಿಗ್ಗೆ ಅವಳ ಓರಗಿತ್ತಿಯ ಫೋನು ಬಂತು. ಮೈದುನನ ಹೆಂಡತಿ ಇವಳು. ಬೆಟ್ಟದಾಚೆಯ ಜಿಲ್ಲೆಯಲ್ಲಿ ಎರಡೇ ಕೋಣೆಯ ಒಂದು ಆರೋಗ್ಯ ಕೇಂದ್ರಕ್ಕೆ ನರ್ಸು. ಇಬ್ಬರ ನಡುವೆ ಜಗಳವೇನಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾಗ ಒಂದು ದಿನ ಓರಗಿತ್ತಿ, ಕಾಗದ ನೋಡುವವರಿಗೆ ರೋಗಿಯ ಮುಖ ಎಲ್ಲಿ ಗೊತ್ತಾಗಬೇಕು ಎಂದು ಗೊಣಗಿದ್ದು ದೊಡ್ಡಕ್ಕನ ಕಿವಿಗೆ ಬಿದ್ದಿತ್ತು. ಅಲ್ಲಿಂದಾಚೆಗೆ ಮಾತು ಹುಟ್ಟು ಸಾವಿಗಷ್ಟೇ. ಹಾಗಾಗಿ ಫೋನಿನಲ್ಲಿ ಆ ದನಿ ಕೇಳಿದೊಡನೆ, ಯಾರು ಹೋದರಪ್ಪಾ ಎಂದುಕೊಂಡಳು ದೊಡ್ಡಕ್ಕ.

ಯಾರೂ ಹೋಗಿರಲಿಲ್ಲ. ಓರಗಿತ್ತಿಯ ಕೇಂದ್ರದಲ್ಲಿದ್ದ ಮೂರ್ಛೆಯ ಮಾತ್ರೆಗಳನ್ನು ಹಿಂದಿನ ದಿನ ಜಿಲ್ಲೆಯ ವ್ಯಾನು ಬಂದು ಎತ್ತಿಕೊಂಡು ಹೋಗಿತ್ತಂತೆ. ಆಕೆಯ ಬಳಿ ಮಾತ್ರೆ ಒಯ್ಯುವವರು ನಲವತ್ತೊಂದು ಜನ. ಹತ್ತಿರದ ತಜ್ಞರೆಂದರೆ ಬಸ್ಸಿನಲ್ಲಿ ಏಳು ಗಂಟೆಯ ದಾರಿ, ಅದೂ ಅವರು ಕೂರುವುದು ವಾರಕ್ಕೆ ಎರಡು ದಿನ. ಆ ಮಾತ್ರೆ ತಟ್ಟನೆ ನಿಲ್ಲಿಸುವಂಥದ್ದಲ್ಲ. ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬಂದು ಕೆಡವುತ್ತದೆ. ಹೆಚ್ಚಿನವರ ಮನೆಯಲ್ಲಿ ಹತ್ತು ಹನ್ನೆರಡು ದಿನಕ್ಕಾಗುವಷ್ಟು ಉಳಿದಿತ್ತು, ಕೆಲವರ ಬಳಿ ಅದೂ ಇಲ್ಲ.

"ನಮ್ಮ ಜಿಲ್ಲೇಲಿ ಅಂಥವರು ಒಬ್ಬರೂ ಇಲ್ಲ ಅಂತ ನಿಮ್ಮ ಕಚೇರಿಯಿಂದಲೇ ಬರೆದು ಕೊಟ್ಟಿದ್ದಾರಂತೆ ಅಕ್ಕ. ನಾನು ನಲವತ್ತೊಂದು ಹೆಸರೂ ಬರೆದು ಜಿಲ್ಲೆಗೆ ಕಳಿಸಿದ್ದೆ. ಯಾರು ಹಂಗೆ ಬರೆದಿದ್ದು ಅಂತ ಸ್ವಲ್ಪ ವಿಚಾರಿಸ್ತೀರಾ?"

ವಿಚಾರಿಸುತ್ತೇನೆ ಎಂದು ದೊಡ್ಡಕ್ಕ ಫೋನಿಟ್ಟಳು. ಕಡತ ಎಳೆದು ನೋಡುವ ಅಗತ್ಯವೇನಿರಲಿಲ್ಲ, ಆದರೂ ಎಳೆದು ನೋಡಿದಳು. ಅವಳದೇ ಅಕ್ಷರ. ಪಕ್ಕದಲ್ಲಿ ಒಂದು ಟಿಪ್ಪಣಿಯೂ ಇಲ್ಲ.

ಬೆಟ್ಟದಾಚೆಯ ಜಿಲ್ಲಾ ಕಚೇರಿಗೆ ಫೋನು ಮಾಡಿದಳು. ಅಲ್ಲಿಯ ಗುಮಾಸ್ತ ಬಹಳ ಸಾಧು ಮನುಷ್ಯ. ಉತ್ತರ ಅಂದೇ ತಯಾರಾಗಿತ್ತಂತೆ. ಸಹಿ ಮಾಡಬೇಕಾದ ಅಧಿಕಾರಿ ವರ್ಗವಾಗಿ ಹೋಗಿ ಐದು ತಿಂಗಳು ಯಾರೂ ಬರಲಿಲ್ಲವಂತೆ, ಬರುವ ಹೊತ್ತಿಗೆ ಗಡುವು ಮೀರಿತ್ತಂತೆ. ಸಹಿಯಿಲ್ಲದ ಕಾಗದ ಕಳಿಸಿದರೆ ತಪ್ಪಾದೀತೆಂದು ಕಾಗದದ ಟ್ರೇಯಲ್ಲೇ ಇಟ್ಟಿದ್ದನಂತೆ. ಎದ್ದು ಹೋಗಿ ಹುಡುಕಿ ತಂದು ಓದಿದ: ಮುನ್ನೂರ ಹನ್ನೆರಡು ಜನ. ಓದಿ ಮುಗಿಸಿ, ಈಗ ಕಳಿಸಲಾ ಮೇಡಂ ಎಂದು ವಿನಯದಿಂದಲೇ ಕೇಳಿದ. ಅವನನ್ನು ಬೈಯಲು ದೊಡ್ಡಕ್ಕನಿಗೆ ಬಾಯಿ ಬರಲಿಲ್ಲ. ಉಳಿದೆರಡು ಜಿಲ್ಲೆಗಳಿಗೂ ಮಾಡಿದಳು. ಮೂರೂ ಸೇರಿ ಎಂಟುನೂರರ ಮೇಲಾಯಿತು. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ಹೋದ ವರ್ಷವೇ ಮಾಡಬಹುದಾಗಿದ್ದ ಮುಕ್ಕಾಲು ಗಂಟೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಕಡತ ಹಿಡಿದು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕರು ಕೆಟ್ಟವರಲ್ಲ. ಕಷ್ಟದ ಮಾತು ಬಂದಾಗ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದರು, ಅಷ್ಟೇ. ಆ ದಿನ ಬಹಳ ಹೊತ್ತು ಒರೆಸಿದರು. ಆಮೇಲೆ ಆದೇಶದ ಕೊನೆಯ ಪುಟವನ್ನು ಇಬ್ಬರೂ ಓದಿದರು. ತಿದ್ದುಪಡಿ ಕೇಳಲು ರಾಜ್ಯಗಳಿಗೆ ಹದಿನೈದು ದಿನ ಕೊಟ್ಟಿದ್ದರು, ಅದರಲ್ಲಿ ಆರು ಉಳಿದಿದ್ದವು. ದಾರಿ ಎರಡು. ಅಗತ್ಯ ಈಚೆಗೆ ಹುಟ್ಟಿಕೊಂಡಿದ್ದರೆ ಮುಂದಿನ ವರ್ಷ ಪರಿಶೀಲಿಸುತ್ತಾರೆ. ಕಳಿಸಿದ ಅಂಕಿಯೇ ತಪ್ಪಾಗಿದ್ದರೆ ಕೂಡಲೇ ಸರಿಪಡಿಸುತ್ತಾರೆ. ಆದರೆ ಆ ತಪ್ಪು ಹೇಗಾಯಿತು, ಯಾರಿಂದಾಯಿತು ಎಂದು ಬರೆದುಕೊಡಬೇಕು.

ನಿರ್ದೇಶಕರ ಮನಸ್ಸು ಮೊದಲನೆಯ ದಾರಿಯ ಕಡೆಗಿತ್ತು. ಅಗತ್ಯ ಈಚೆಗೆ ಕಂಡುಬಂದಿದೆ ಎಂದು ಎರಡು ಸಾಲು ಬರೆದರೆ ಯಾರ ಮುಖಕ್ಕೂ ಮಸಿ ಹತ್ತುವುದಿಲ್ಲ ಎಂದರು. ಒಂದು ವರ್ಷ ಆ ಎಂಟುನೂರು ಜನ ಏನು ಮಾಡಬೇಕು ಎಂದು ಅವಳು ಕೇಳಿದಳು. ನಿರ್ದೇಶಕರ ಭಯ ಬೇರೆಯೇ ಇತ್ತು.

"ಈ ಮೂರು ಸೊನ್ನೆ ನಾವೇ ಹಾಕಿದ್ದು ಅಂತ ಒಪ್ಪಿಕೊಂಡ್ರೆ, ಹದಿನೇಳು ವರ್ಷದ ಸೊನ್ನೆಗಳನ್ನೆಲ್ಲ ಎತ್ತಿ ಕೇಳ್ತಾರೆ. ಅವೆಲ್ಲ ನಿಜಾನಾ ಅಂತಾರೆ. ಆಗ ಏನು ಹೇಳ್ತೀರಿ?"

"ಗೊತ್ತಿಲ್ಲ ಅಂತ ಹೇಳ್ತೀನಿ ಸರ್. ನನಗೆ ನಿಜವಾಗಿಯೂ ಗೊತ್ತಿಲ್ಲ."

ಒಂದು ದಿನ ಯೋಚಿಸಲು ಬಿಡಿ ಎಂದರು ನಿರ್ದೇಶಕರು.

ಮೆಟ್ಟಿಲಿಳಿದು ಬರುವಾಗ ಅವಳಿಗೆ, ವಿಚಾರಿಸುತ್ತೇನೆ ಎಂದು ಓರಗಿತ್ತಿಗೆ ಹೇಳಿದ ಮಾತು ನೆನಪಾಯಿತು. ಕೆಳಗಿನ ಅಂಗಳದಲ್ಲಿ, ಸೈಕಲ್ಲುಗಳ ಸಾಲಿನ ಪಕ್ಕ ನಿಂತು ಓರಗಿತ್ತಿಗೆ ಫೋನು ಮಾಡಿದಳು.

"ಅದನ್ನ ಬರೆದಿದ್ದು ನಾನೇ ಕಣೆ."

ಆ ಕಡೆ ಯಾರೋ ಮಗುವಿನ ಅಳು ಕೇಳಿಸುತ್ತಿತ್ತು. ಓರಗಿತ್ತಿ ಕೇಳಿದ್ದು ಇಷ್ಟೇ.

"ಎಷ್ಟು ದಿನದಲ್ಲಿ ಸರಿ ಮಾಡ್ತೀರಿ?"

ಎರಡು ಬೈಗುಳ ಬಂದಿದ್ದರೆ ಹಗುರವಾಗುತ್ತಿತ್ತು. ಬರಲಿಲ್ಲ. ದೊಡ್ಡಕ್ಕ ಮತ್ತೆ ಮೂರು ಮಹಡಿ ಹತ್ತಿ, ಯಾರ ಒಂದು ದಿನಕ್ಕೂ ಕಾಯದೆ ಕರಡು ಬರೆಯಲು ಕೂತಳು. ಸರ್ಕಾರಿ ಕಾಗದದಲ್ಲಿ ತಪ್ಪುಗಳು ತಾವಾಗಿಯೇ ಆಗಿಬಿಡುತ್ತವೆ, ಮಾಡಿದವರು ಅಂತ ಇರುವುದಿಲ್ಲ. ಅವಳು ಹಾಗೆ ಬರೆಯಲಿಲ್ಲ. ಈ ಮೂರು ಅಂಕಿಗಳು ಜಿಲ್ಲೆಗಳಿಂದ ಬಂದವಲ್ಲ, ಉತ್ತರ ಬಾರದಿದ್ದಾಗ ಗಡುವು ಮೀರಬಾರದೆಂದು ನಾನು ತುಂಬಿದ್ದು, ಜಿಲ್ಲೆಗಳನ್ನು ಈಗ ಕೇಳಿದ್ದೇನೆ, ಸರಿಯಾದ ಸಂಖ್ಯೆ ಹೀಗಿದೆ ಎಂದು ಬರೆದು, ಕೆಳಗೆ ತನ್ನ ಸಹಿ ಹಾಕಿದಳು. ಟೈಪು ಮಾಡುವಾಗ ಟೈಪಿಸ್ಟ್ ಆ ಸಾಲಿಗೆ ಬಂದು ನಿಂತು, ಇದನ್ನೂ ಹೊಡೆಯಲಾ ಎಂದು ಕಣ್ಣಲ್ಲೇ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಆ ಮಧ್ಯಾಹ್ನ ಅವನು ಕೋಳಿಯ ಸುದ್ದಿ ಎತ್ತಲಿಲ್ಲ.

ನಿರ್ದೇಶಕರು ಕಾಗದವನ್ನು ಎರಡು ದಿನ ಇಟ್ಟುಕೊಂಡರು. ಮೂರನೆಯ ದಿನ ಸಹಿ ಹಾಕಿ ಕಳಿಸಿದರು. ಜೊತೆಗೇ ಇನ್ನೊಂದು ಕಾಗದಕ್ಕೂ ಸಹಿ ಹಾಕಿದ್ದರು: ದೊಡ್ಡಕ್ಕನನ್ನು ನೆಲಮಹಡಿಯ ಟಪಾಲು ಶಾಖೆಗೆ ಹಾಕಿದ್ದು. ಮೇಲಿನಿಂದ ಕೇಳಿದರೆ ಏನಾದರೂ ಕ್ರಮ ತೆಗೆದುಕೊಂಡಂತೆ ತೋರಬೇಕಲ್ಲ ಎಂದು ತಾವೇ ಕರೆದು, ಅವಳ ಮುಖ ನೋಡದೆ ಹೇಳಿದರು. ಅವಳು ಆಗಲಿ ಸರ್ ಎಂದಳು.

ಕೇಂದ್ರದ ತಿದ್ದುಪಡಿ ಬರಲು ಮತ್ತೆ ಒಂಬತ್ತು ದಿನ ಹಿಡಿಯಿತು. ಮೂರು ಜಿಲ್ಲೆಗಳಿಗೂ ವಿನಾಯಿತಿ ಸಿಕ್ಕಿತು. ವ್ಯಾನು ಕೊಂಡೊಯ್ದ ಪೆಟ್ಟಿಗೆಗಳನ್ನು ಅದೇ ವ್ಯಾನು ವಾಪಸ್ಸು ತಂದು ಇಳಿಸಿತು. ಓರಗಿತ್ತಿ ಆ ಸಂಜೆಯೇ ಫೋನು ಮಾಡಿ ತಿಳಿಸಿದಳು. ತಿಳಿಸಿ, ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಿದಳು. ನಲವತ್ತು ಜನ ಹೇಗೋ ದಿನ ದೂಡಿದ್ದರು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬನ ಬಳಿ ಉಳಿದದ್ದು ಬರೀ ಆರು ಮಾತ್ರೆ. ದಿನ ಬಿಟ್ಟು ದಿನ ನುಂಗಿ ಎಳೆದಿದ್ದ. ಒಲೆಯ ಮುಂದೆಯೇ ಬಿದ್ದು ಮುಂಗೈ ಸುಟ್ಟುಕೊಂಡಿದ್ದ.

ದೊಡ್ಡಕ್ಕ ಶನಿವಾರಕ್ಕೆ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದಳು. ಹೋಗಿ ಮಾಡುವುದೇನು ಎಂದು ಗಂಡ ಕೇಳಿದಾಗ, ಗೊತ್ತಿಲ್ಲ, ಹೋಗಿ ಬರುತ್ತೇನೆ ಎಂದಿದ್ದಳು.

ಮಾತ್ರೆ ಕೊಡುವ ದಿನ. ಆರೋಗ್ಯ ಕೇಂದ್ರದ ಮೊದಲ ಕೋಣೆಯಲ್ಲಿ ಎರಡು ಬೆಂಚು, ಗೋಡೆಗೆ ಒರಗಿ ಏಳೆಂಟು ಜನ. ಓರಗಿತ್ತಿ ಕತ್ತರಿಯಿಂದ ಮಾತ್ರೆಯ ಹಾಳೆಗಳನ್ನು ಕತ್ತರಿಸಿ ಕಾಗದದ ಚೀಲಗಳಿಗೆ ತುಂಬುತ್ತಿದ್ದಳು. ತಲೆಯೆತ್ತಿ ನೋಡಿ, ಬನ್ನಿ ಅಕ್ಕ, ಕೂತಿರಿ, ಇವರನ್ನು ಕಳಿಸಿಬಿಡುತ್ತೇನೆ ಎಂದಳಷ್ಟೇ. ಕೈಗೆ ಬಟ್ಟೆ ಸುತ್ತಿಕೊಂಡಿದ್ದವನ ಪಕ್ಕವೇ ಜಾಗವಿತ್ತು. ಮೂವತ್ತು ದಾಟದವನು. ಅವನೇ ಮಾತು ತೆಗೆದ. ಎಲ್ಲಿಂದ ಬಂದಿರಿ ಎಂದು ಕೇಳಿದ, ರಾಜ್ಯದ ಆರೋಗ್ಯ ಕಚೇರಿ ಎಂದು ತಿಳಿದ ಮೇಲೆ ನಕ್ಕ.

"ನಮ್ಮ ಜಿಲ್ಲೇಲಿ ಮೂರ್ಛೆ ಬೀಳೋರು ಯಾರೂ ಇಲ್ಲ ಅಂತ ನಿಮ್ಮಲ್ಲಿ ಯಾರೋ ಬರೆದಿದ್ರಂತೆ. ನಮ್ಮಮ್ಮನಿಗೆ ಹೇಳಿದೆ, ಭಾಳ ಖುಷಿಪಟ್ಟಳು. ಸರ್ಕಾರವೇ ಹೇಳಿದ ಮೇಲೆ ನಿನಗೆ ವಾಸಿಯಾಗಿರಬೇಕು ಬಿಡು ಅಂದ್ಲು."

ಗೋಡೆಗೆ ಒರಗಿದ್ದವರೂ ನಕ್ಕರು. ದೊಡ್ಡಕ್ಕ ಅವನ ಕೈಯ ಬಟ್ಟೆಯನ್ನು ನೋಡುತ್ತಿದ್ದಳು.

"ಬರೆದಿದ್ದು ನಾನು," ಎಂದಳು. "ನಿಮ್ಮ ಜಿಲ್ಲೆಯಿಂದ ಉತ್ತರ ಬಂದಿರಲಿಲ್ಲ. ಕೇಳದೆ ಬರೆದುಬಿಟ್ಟೆ."

ನಗು ನಿಂತಿತು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ಅಷ್ಟು ದೊಡ್ಡ ಮಾತನ್ನು ಮನೆಯ ಅತ್ತಿಗೆಯ ಹಾಗೆ ಕಾಣುವ ಒಬ್ಬ ಹೆಂಗಸು ಬರೆದಿರಬಹುದೆಂದು ಅವನು ಅಂದುಕೊಂಡಿರಲಿಲ್ಲವೇನೋ. ಕೈ ನೋಯುತ್ತಿದೆಯೇ ಎಂದು ಅವಳು ಕೇಳಿದಳು. ರಾತ್ರಿ ಹೊತ್ತು ನೋಯುತ್ತೆ ಎಂದ. ಒಲೆಯ ಹತ್ತಿರ ಇನ್ನು ಬಿಡುವುದಿಲ್ಲ ಎಂದು ಮಾಲೀಕ ಹೇಳಿದ್ದಾನೆ, ಈಗ ಗಲ್ಲಾದ ಪಕ್ಕ ನಿಂತು ಬ್ರೆಡ್ಡು ಕಟ್ಟಿಕೊಡುತ್ತೇನೆ, ಬೇಜಾರಿನ ಕೆಲಸ ಎಂದೂ ಹೇಳಿದ.

ಮತ್ತೆ ಅವನೇ ಕೇಳಿದ.

"ಮುಂದಿನ ಸಲ ಕೇಂದ್ರ ಸರ್ಕಾರದವರು ಕೇಳಿದಾಗ ನಮ್ಮನ್ನ ಸೇರಿಸ್ತೀರಾ?"

"ನಾನೀಗ ಆ ಮೇಜಲ್ಲಿ ಇಲ್ಲಪ್ಪ. ಬೇರೆಯವರು ಬಂದಿದ್ದಾರೆ."

"ಅವರ ಫೋನ್ ನಂಬರ್ ಇದೆಯಾ?"

ಹದಿನೇಳು ವರ್ಷದಲ್ಲಿ ಆ ನಂಬರನ್ನು ರೋಗಿಯೊಬ್ಬ ಕೇಳಿದ್ದು ಅದೇ ಮೊದಲು. ಓರಗಿತ್ತಿ ಕತ್ತರಿ ನಿಲ್ಲಿಸಿ, ಮೇಜಿನ ಮೇಲಿದ್ದ ಖಾಲಿ ಚೀಲವೊಂದನ್ನೂ ಪೆನ್ನನ್ನೂ ದೊಡ್ಡಕ್ಕನತ್ತ ಚಾಚಿದಳು. ದೊಡ್ಡಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂರನೇ ಮಹಡಿಯ ನಂಬರು ಬರೆದಳು, ಕೆಳಗೆ ತನ್ನ ಮನೆಯದನ್ನೂ ಬರೆದಳು. ಅವನು ಎಡಗೈಯಲ್ಲಿ ಇಸಿದುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ಸರಿಯೇ ಎಂದು ಕೇಳಿದ. ಸರಿ ಎಂದಳು. ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು, ನನಗೂ ಒಂದು ಬರೆದುಕೊಡಮ್ಮ ಎಂದು ಮುಂದೆ ಬಂದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು.