ಅವ್ವನ ಸೀರೆ, ಆಸ್ಪತ್ರೆಯ ಮಂಚ

ಗೋಣಿಬೀಡಿನ ಆಚೆಯ ಕಾಫಿ ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಅಣ್ಣಮ್ಮನಿಗೆ ಒಂಬತ್ತು ತಿಂಗಳು ತುಂಬಿತ್ತು. ಹೆರಿಗೆ ಎಲ್ಲಿ ಎಂಬುದೇ ಮನೆಯ ದೊಡ್ಡ ತಕರಾರು. ಸರ್ಕಾರದ ಸೂಲಗಿತ್ತಿ ವಿಮಲಮ್ಮನವರು ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ಮಲಗಿದೆ, ಪೇಟೆಯ ಆಸ್ಪತ್ರೆಗೇ ಹೋಗಬೇಕು ಎಂದಿದ್ದರು. ಅತ್ತೆ ಜವರಮ್ಮ ಒಪ್ಪಲಿಲ್ಲ. ಅಣ್ಣಮ್ಮನೂ ಒಪ್ಪಲಿಲ್ಲ. ವರ್ಷವಿಡೀ ಹಾವು ಮುಂಗುಸಿಯಂತಿದ್ದ ಅತ್ತೆ ಸೊಸೆ ಈ ಒಂದು ಮಾತಿಗೆ ಮಾತ್ರ ಒಂದಾಗಿದ್ದರು! ಗಂಡ ಗಿಡ್ಡಪ್ಪ ತಲೆ ಕೆರೆದುಕೊಂಡು ಕೊಯ್ಲಿಗೆ ಹೋಗಿಬಿಡುತ್ತಿದ್ದ.

ಮೂರನೆಯ ಸಲ ಬಂದಾಗ ವಿಮಲಮ್ಮನವರು ಬುದ್ಧಿ ಹೇಳಲಿಲ್ಲ. ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿದರು.

"ಯಾಕೆ ಬೇಡ ಅಂತೀರಿ ಜವರಮ್ಮ? ನೀವು ಹೇಳಿ, ಇವತ್ತು ನಾನು ಕೇಳ್ತೀನಿ."

"ಹೇಳೂದೆಂತ ಅಮ್ಮ? ಅಲ್ಲಿ ಗಂಡು ಡಾಕ್ಟ್ರಂತೆ. ನನ್ನ ಒಳಗೆ ಬಿಡ್ತಾರಾ? ಬಾಣಂತಿಗೆ ಬಿಸಿನೀರು ಹುಯ್ಯೋರು ಯಾರು? ಈ ಲೈನಲ್ಲಿ ಮಕ್ಳು ಹುಟ್ಟಿಲ್ವಾ?"

"ಹುಟ್ಟಿದ್ದಾವೆ. ಮಗು ನೆಟ್ಟಗಿದ್ದಿದ್ರೆ ನಾನೇ ಇಲ್ಲಿ ಹೆರಿಗೆ ಮಾಡಿಸ್ತಿದ್ದೆ. ಅಡ್ಡ ಇರೋ ಮಗು ತಿರುಗಿಸೋದು ನನ್ನ ಕೈಲಾಗಲ್ಲ. ಹಾಗೇ ಬಿಟ್ರೆ ತಾಯಿ ಮಗು ಇಬ್ರೂ ಉಳಿಯಲ್ಲ. ಅಲ್ಲಿರೋದು ಹೆಂಗಸು ಡಾಕ್ಟರಮ್ಮ. ನೀವು ಜೊತೆಗಿರೋದಕ್ಕೆ ಹೇಳಿಡ್ತೀನಿ. ನೀರು ಹುಯ್ಯೋದು ಮನೆಗೆ ಬಂದ್ಮೇಲೆ ನಿಮ್ಮದೇ."

ಜವರಮ್ಮನ ಬಿಗಿದ ಮುಖ ತುಸು ಸಡಿಲಾಯಿತು. ವಿಮಲಮ್ಮನವರು ಸೊಸೆಯ ಕಡೆ ತಿರುಗಿದರು.

"ನಿನಗೆ ಎಂತ ಬೇಕು ಅಣ್ಣಮ್ಮ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ಒಳಗೆ ಹೋಗಿ ಒಂದು ಹಳೆಯ ಕೆಂಪು ಸೀರೆ ತಂದಳು. ಅವಳಿಗೆ ಬೇಕಾಗಿದ್ದದ್ದು ಅವ್ವ. ಅವ್ವ ಇದ್ದದ್ದು ಎರಡು ದಿನದ ದಾರಿಯ ಸಂಸೆಯಲ್ಲಿ, ಸೊಂಟ ಮುರಿದು, ಹಾಸಿಗೆಯ ಮೇಲೆ. ಅಲ್ಲಿಗೆ ಹೋಗಲು ಇವಳಿಗೆ ಆಗುವಂತಿರಲಿಲ್ಲ. ಬರಲಾಗದ ಅವ್ವ ತನ್ನ ಸೀರೆ ಕಳಿಸಿದ್ದಳು. ತನ್ನ ನಾಲ್ಕು ಹೆರಿಗೆಯಲ್ಲೂ ಅದನ್ನು ತೊಲೆಗೆ ಕಟ್ಟಿ, ಹಿಡಿದುಕೊಂಡೇ ಹೆತ್ತವಳು ಅವ್ವ. ಅಣ್ಣಮ್ಮ ದಿನಾ ಸಂಜೆ ಆ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದಳು.

"ನೋವು ಬಂದಾಗ ಇದನ್ನ ಹಿಡ್ಕಂಡ್ರೆ ಅವ್ವನ ಕೈ ಹಿಡ್ಕಂಡ ಹಾಗೆ. ಆಸ್ಪತ್ರೇಲಿ ತೊಲೆ ಎಲ್ಲಿದೆ ಅಮ್ಮ?"

ವಿಮಲಮ್ಮನವರು ಸೀರೆಯ ಸೆರಗು ಮುಟ್ಟಿ ನೋಡಿದರು. "ತೊಲೆ ಇಲ್ಲ. ಕಬ್ಬಿಣದ ಮಂಚ ಇದೆ. ತಲೆಯ ಕಡೆ ನಾನೇ ಗಟ್ಟಿ ಗಂಟು ಹಾಕಿಕೊಡ್ತೀನಿ. ಆದ್ರೆ ಸೀರೆ ಕುದಿಸಿ ಬಿಸಿಲಲ್ಲಿ ಒಣಗಿಸಿ ತರಬೇಕು. ಕೊಳೆ ಬಟ್ಟೆಯಿಂದ ಬಾಣಂತಿಗೆ ನಂಜು ಏರ್ತದೆ."

"ಕುದಿಸಿದ್ರೆ ಅವ್ವನ ವಾಸನೆ ಹೋಗ್ತದಲ್ಲ!" ಅಣ್ಣಮ್ಮ ಸೀರೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು.

ತವರಿನ ಹೆಸರೆತ್ತಿದರೆ ಮೂತಿ ತಿರುವುತ್ತಿದ್ದ ಜವರಮ್ಮ ಈಗ ಸೊಸೆಯ ಪಕ್ಕ ಬಂದು ಕೂತಳು. "ನನ್ನವ್ವನ ವಾಸನೆ ನಂಗೆ ನೆನಪೇ ಇಲ್ಲ ಕಣೆ. ನನ್ನ ತಂಗೀನ ಹೆರೋವಾಗ ಅವ್ವ ತೀರ್ಕಂಡ್ಳು. ನಿನ್ನ ಅವ್ವ ಇದ್ದಾಳೆ. ನೀನು ಬದುಕಿದ್ರೆ ಹೋಗಿ ನೋಡಬಹುದು. ಕೊಡು ಇಲ್ಲಿ, ಹಂಡೆಗೆ ಬೆಂಕಿ ಹಾಕ್ತೀನಿ."

ನೋವು ಬರುವ ಮೊದಲೇ ಗಿಡ್ಡಪ್ಪ ತೋಟದ ಎತ್ತಿನ ಗಾಡಿ ಕೇಳಿ ತಂದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವನ್ನು ತಿರುಗಿಸುವಾಗ ಅಣ್ಣಮ್ಮ ಸೀರೆಯನ್ನು ಜಗ್ಗಿ ಹಿಡಿದು "ಅವ್ವಾ!" ಎಂದು ಕೂಗಿದಳು. ವಿಮಲಮ್ಮನವರು ಮಂಚಕ್ಕೆ ಹಾಕಿದ್ದ ಗಂಟು ಬಿಚ್ಚಿಕೊಳ್ಳಲಿಲ್ಲ. ಹುಟ್ಟಿದ್ದು ಹೆಣ್ಣು ಮಗು.

ಐದು ತಿಂಗಳ ನಂತರ ಅಣ್ಣಮ್ಮ ಸಂಸೆಗೆ ಹೋದಳು. ಮಲಗಿದ್ದ ಅವ್ವನ ಪಕ್ಕ ಮಗುವನ್ನು ಮಲಗಿಸಿ ಸೀರೆ ಕೊಟ್ಟಳು. ಅವ್ವ ಅದನ್ನು ಮೂಸಿ ನೋಡಿದಳು.

"ಸೋಪಿನ ವಾಸನೆ ಬರ್ತದಲ್ಲೇ."

"ಹೌದವ್ವ. ನಿನ್ನದು ಹೋಯ್ತು," ಎಂದು ಅಣ್ಣಮ್ಮ ಅವ್ವನ ಕುತ್ತಿಗೆಯಲ್ಲಿ ಮುಖ ಇಟ್ಟಳು. ಅಲ್ಲಿ ಆ ವಾಸನೆ ಇತ್ತು.

ಅಕ್ಕ ತಂಗಿಯರೇ, ತುಂಬು ಬಸುರಿಗೆ ಮನೆ ಬಿಟ್ಟು ಹೋಗಲು ಮನಸ್ಸಿಲ್ಲದಿದ್ದರೆ ಬೈಯಬೇಡಿ. ಏನು ಬೇಕು ಎಂದು ಕೇಳಿ. ತಿಂಗಳು ತುಂಬುವ ಮೊದಲೇ ಕಲಿತ ಸೂಲಗಿತ್ತಿಯಿಂದ ಹೊಟ್ಟೆ ನೋಡಿಸಿ. ಅವರು ಆಸ್ಪತ್ರೆ ಎಂದರೆ ಗಾಡಿಗೆ ಮೊದಲೇ ಹೇಳಿಡಿ. ಅವಳಿಗೆ ಬೇಕಾದ ಬಟ್ಟೆಯನ್ನು ತೊಳೆದು ಕುದಿಸಿ ಜೊತೆಗೆ ಕಟ್ಟಿಕೊಡಿ. ಅವಳು ಬದುಕಿ ತವರಿಗೆ ಇನ್ನೊಮ್ಮೆ ಹೋಗಬೇಕು.