ಉಡಿ ತುಂಬಿಸಿಕೊಂಡ ಲಾರಿ

ಈ ಸಂಗತಿಯನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಓದುವವರು ಕ್ಷಮಿಸಬೇಕು. ಎಂಜಿನ್ನಿನ ಕೆಲಸ ಬಲ್ಲವರು ಇದರಲ್ಲಿ ಒಂದು ತಪ್ಪು ಹುಡುಕಬಹುದು, ದೇವರು ದೆವ್ವಗಳ ವಿಚಾರ ಬಲ್ಲವರು ಇನ್ನೊಂದು ಹುಡುಕಬಹುದು. ಎರಡನ್ನೂ ಅರ್ಧಂಬರ್ಧ ತಿಳಿದವರ ಕೈಗೆ ಇಂಥ ಕಥೆ ಸಿಗಬಾರದಿತ್ತು. ಆದರೆ ಗುರುಪಾದ ಮಿಸ್ತ್ರಿ ತಾನಾಗಿ ಇದನ್ನು ಯಾರ ಮುಂದೆಯೂ ಹೇಳುವವನಲ್ಲ. ಹೇಳದೆ ಬಿಟ್ಟರೆ ಅದೂ ಸರಿಯಲ್ಲ ಅನ್ನಿಸಿ, ಗೊತ್ತಿದ್ದಷ್ಟನ್ನು ಇಲ್ಲಿ ಇಟ್ಟಿದ್ದೇನೆ.

ಗುರುಪಾದನ ಗ್ಯಾರೇಜು ಗೋಕಾಕದಿಂದ ಘಟಪ್ರಭಾ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಹಳೆಯ ಲಾರಿಗಳೆಂದರೆ ಅವನಿಗೆ ಜೀವ. ಕಂಪ್ಯೂಟರ್ ಹಚ್ಚಿ ನೋಡುವ ಹೊಸ ಗಾಡಿಗಳನ್ನು ಅವನು ಮುಟ್ಟುವುದಿಲ್ಲ. ಒಮ್ಮೆ ಬಿಗಿದ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡದಿದ್ದರೆ ಅವನಿಗೆ ಊಟ ಇಳಿಯುವುದಿಲ್ಲ. ಬಾಜೂಕ್ಕೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಭೀಮಶಿ ಇದನ್ನೇ ಹಿಡಿದು ಕಾಡುತ್ತಾನೆ: "ಗುರುಪಾದಣ್ಣ ಲಗ್ನದಾಗ ತಾಳಿ ಕಟ್ಟಿ, ಮತ್ತ ಒಂದ್ಸಲ ಗಂಟು ಜಗ್ಗಿ ನೋಡಿದಾಂವ."

ಮೇಲವಂಕಿಯ ಸಿದ್ರಾಮ ತನ್ನ ಹತ್ತು ಗಾಲಿಯ ಲಾರಿಯನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಸುಗ್ಗಿ ಮುಗಿಯುತ್ತ ಬಂದ ದಿನಗಳಲ್ಲಿ. ಮೂಡಲಗಿಯಿಂದ ಬೆಲ್ಲ ತುಂಬಿಕೊಂಡು ಗೋಕಾಕ, ಹತ್ತರಗಿ ಮೇಲೆ ಹಾಯ್ದು ಬೆಳಗಾವಿಗೆ ಹೋಗುವ ಗಾಡಿ ಅದು. ಮೊದಲು ಅವನ ಅಣ್ಣ ಲಕ್ಕಪ್ಪ ಓಡಿಸುತ್ತಿದ್ದ. ಲಕ್ಕಪ್ಪ ತೀರಿಕೊಂಡ ಮೇಲೆ ಸಿದ್ರಾಮ ಸ್ಟೇರಿಂಗ್ ಹಿಡಿದ.

"ಲೋಡ್ ಎಳಿಯಾಕತ್ತಿಲ್ಲ ಗುರುಪಾದಣ್ಣ," ಎಂದ ಸಿದ್ರಾಮ. "ಸಪಾಟ ರಸ್ತೇದಾಗ ಛಲೋ ಓಡ್ತೈತಿ. ಹತ್ತರಗಿ ದಾಟಿದ ಮ್ಯಾಲ ಹೈವೇದಾಗ ಏರು ಬರತೈತಲ್ಲ, ಅಲ್ಲಿ ಉಸಿರು ಕಳಕೊಂತೈತಿ."

ಗುರುಪಾದ ಮೊದಲು ಗಾಳಿಯ ದಾರಿ ನೋಡಿದ. ಏರ್ ಫಿಲ್ಟರ್ ಶುದ್ಧವಿತ್ತು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿಗೆ ಸೋಪಿನ ನೀರು ಸವರಿ ನೋಡಿದ, ಎಲ್ಲಿಯೂ ಗುಳ್ಳೆ ಏಳಲಿಲ್ಲ. ಡಿಸೇಲ್ ಫಿಲ್ಟರ್‌ಗಳು ಹೊಸವು. ಡಿಸೇಲ್ ಚಿಮ್ಮಿಸುವ ನಾಜಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷೆ ಮಾಡಿಸಿ ತಂದ. ಪಂಪಿನಲ್ಲೂ ತಪ್ಪಿಲ್ಲ. ನಿಂತಲ್ಲಿಯೇ ರೇಸ್ ಕೊಟ್ಟರೆ ಎಂಜಿನ್ನು ಗುಡುಗುಟ್ಟಿತು. ರೋಗವೇ ಇಲ್ಲದ ರೋಗಿಯನ್ನು ಮುಂದೆ ಕೂರಿಸಿಕೊಂಡ ಹಾಗಾಯಿತು.

"ಏರಿನ್ಯಾಗ ಎಲ್ಲಿ ನಿಂದರತೈತಿ?" ಎಂದು ಕೇಳಿದ.

ಭೀಮಶಿ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ಇತ್ತಲೇ ಕಿವಿಗೊಟ್ಟಿದ್ದ. ಸಿದ್ರಾಮ ತಲೆ ತಗ್ಗಿಸಿ ಹೇಳಿದ: "ಜಾಲಿಗಿಡದ ಹಂತ್ಯಾಕ. ಅಣ್ಣ ಹೋದ ಜಾಗಾ. ಪ್ರತೀ ಸಲ ಅಲ್ಲೇ."

ಲಕ್ಕಪ್ಪನಿಗೆ ಆ ಏರಿನಲ್ಲಿ ಎದೆನೋವು ಬಂದಿತ್ತು. ಲಾರಿಯನ್ನು ರಸ್ತೆಯ ಅಂಚಿಗೆ ಹಚ್ಚಿ, ಗೇರು ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಹಾಗೆಯೇ ಸ್ಟೇರಿಂಗಿನ ಮೇಲೆ ಒರಗಿದ್ದ. ಯಾರೋ ಬಂದು ನೋಡಿದಾಗ ಎಂಜಿನ್ನು ಇನ್ನೂ ಚಾಲೂ ಇತ್ತು.

"ಈಗ ವೈನಿನೂ ನನ್ನ ಕೂಡ ಬರತಾರ," ಎಂದ ಸಿದ್ರಾಮ. ವೈನಿ ಎಂದರೆ ಲಕ್ಕಪ್ಪನ ಹೆಂಡತಿ ಕಾಶೆವ್ವ, ಈಗ ಲಾರಿಯ ಒಡತಿ. "ಗಾಡಿ ನಿಂತ ಕೂಡ್ಲೇ ನಾ ಎಂಜಿನ್ ಬಂದ್ ಮಾಡತೇನಿ. ಅವತ್ತು ಅಣ್ಣ ಹೋಗಿದ್ರೂ ಅದು ಒಂದಽ ಸವನ ಓಡಾಕತ್ತಿತ್ತು, ಯಾರೂ ಬಂದ್ ಮಾಡಿರಲಿಲ್ಲ. ಅದಕ್ಕ. ವೈನಿ ಎಡಗಡೆ ಬಾಗಲಾ ತಗೀತಾರ. ತುಸು ಹೊತ್ತು ಸುಮ್ಮನ ಕುಂದರತೇವಿ. ಆಮ್ಯಾಲ ಬಾಗಲಾ ಹಾಕಿ 'ನಡಿ' ಅಂತಾರ. ಚಾಲೂ ಮಾಡಿದ್ರ ಏನೂ ಆಗಿಲ್ಲದಂಗ ಏರತೈತಿ."

ಭೀಮಶಿ ಟ್ಯೂಬನ್ನು ನೀರಿನಿಂದ ತೆಗೆಯುವುದನ್ನೇ ಮರೆತಿದ್ದ.

ಮುಂದಿನ ಲೋಡಿಗೆ ಗುರುಪಾದ ತಾನೇ ಹೊರಟ. ಕಾಶೆವ್ವ ಎಡ ಬಾಗಿಲ ಬದಿಗೆ ಕೂತಿದ್ದಳು. ನಡುವೆ ಅವನು. ಕಾಶೆವ್ವ ಹಣೆಗೆ ಕುಂಕುಮವಿಲ್ಲದ, ಗಟ್ಟಿ ಮೈಯ ಹೆಂಗಸು. ಹತ್ತರಗಿಯವರೆಗೂ ಎಂಜಿನ್ನಿನ ಸದ್ದು ತುಂಬಿದ ಕೊಡದಂತೆ ದಪ್ಪಗಿತ್ತು. ಇಳಿಹೊತ್ತಿನ ಬಿಸಿಲು ಕನ್ನಡಿಯಲ್ಲಿ ಕೂತಿತ್ತು. ಏರು ಶುರುವಾಯಿತು. ಗುರುಪಾದ ಕಿಟಕಿಯತ್ತ ವಾಲಿ ಹೊಗೆ ನೋಡುತ್ತಿದ್ದ.

ಜಾಲಿಗಿಡ ದೂರದಲ್ಲಿ ಕಂಡದ್ದೇ ಸದ್ದು ತೆಳುವಾಯಿತು. ಸಿದ್ರಾಮನ ಕಾಲು ಎಕ್ಸಿಲರೇಟರನ್ನು ನೆಲಕ್ಕೆ ಒತ್ತಿಯೇ ಇತ್ತು, ಆದರೂ ಎಂಜಿನ್ನು ದನಿ ತಗ್ಗಿಸಿಕೊಂಡು, ಯಾರನ್ನೋ ಕಂಡು ಮಾತು ನಿಲ್ಲಿಸಿದವರಂತೆ ಮೆತ್ತಗಾಯಿತು. ಗೇರು ಇಳಿಯಿತು, ಮತ್ತೆ ಇಳಿಯಿತು. ಹಿಂದಿನಿಂದ ಬಂದ ಬಸ್ಸೊಂದು ಉದ್ದಕ್ಕೆ ಹಾರನ್ ಬಾರಿಸಿ, ಕನ್ನಡಿ ಸವರುವಷ್ಟು ಹತ್ತಿರದಲ್ಲಿ ಹೊರಳಿಕೊಂಡು ಮುಂದೆ ಹೋಯಿತು. ಲಾರಿ ತೆವಳಿ ಗಿಡದ ಪಕ್ಕಕ್ಕೆ ಬಂದು ನಿಂತಿತು. ಸಿದ್ರಾಮ ಕೀಲಿ ತಿರುಗಿಸಿದ.

ಆಗ ಎಂಥ ಮೌನ. ಹೈವೇದ ಮೇಲೆ ಗಾಡಿಗಳು ಹೋಗುತ್ತಲೇ ಇದ್ದವು, ಆದರೆ ಅವುಗಳ ಸದ್ದು ಕ್ಯಾಬಿನ್ನಿನ ಒಳಗೆ ಬರುತ್ತಿರಲಿಲ್ಲ ಅನ್ನಿಸಿತು ಗುರುಪಾದನಿಗೆ.

"ತುಸು ಸರೀರಿ," ಎಂದಳು ಕಾಶೆವ್ವ. ಬಾಗಿಲು ತೆರೆದು, ಒಳಗೆ ಸರಿದು, ಬಾಗಿಲ ಬದಿಯ ಸೀಟು ಖಾಲಿ ಬಿಟ್ಟಳು. ಗುರುಪಾದ ಗೇರಿನ ಕೋಲಿಗೆ ಮೊಣಕಾಲು ತಾಗುವಷ್ಟು ಸರಿದ. ಕಾದರು. ಕ್ಯಾಬಿನ್ನು ಎಡಕ್ಕೆ ಚೂರು ವಾಲಿತು. ಮೆಟ್ಟಿಲ ಮೇಲೆ ಒಬ್ಬರು ಕಾಲಿಟ್ಟರೆ ವಾಲುವಷ್ಟೇ. ಕಾಶೆವ್ವ ಆ ಖಾಲಿ ಜಾಗ ದಾಟಿ ಕೈ ಚಾಚಿ ಬಾಗಿಲು ಎಳೆದುಕೊಂಡಳು. "ನಡಿ ಸಿದ್ರಾಮ."

ಎಂಜಿನ್ನು ಗುಡುಗಿತು. ಲಾರಿ ಏರು ಹತ್ತಿತು. ಬೆಳಗಾವಿ ಮುಟ್ಟುವವರೆಗೂ ಮೂವರೂ ಒತ್ತೊತ್ತಿಕೊಂಡೇ ಕೂತಿದ್ದರು. ಖಾಲಿ ಜಾಗಕ್ಕೆ ಯಾರೂ ಸರಿಯಲಿಲ್ಲ.

ಮರಳಿ ಬಂದ ಮೇಲೆ ಗುರುಪಾದ ಮೊದಲು ಮಾಡಿದ್ದು ಕ್ಯಾಬಿನ್ನಿನ ಕೆಳಗಿನ ರಬ್ಬರುಗಳನ್ನು ಬಿಚ್ಚಿ ನೋಡಿದ್ದು. ಅವು ಸವೆದಿದ್ದರೆ ಕ್ಯಾಬಿನ್ನು ವಾಲುತ್ತದೆ, ಆದರೆ ಎಲ್ಲವೂ ಗಟ್ಟಿಯಿದ್ದವು. ಮತ್ತೊಮ್ಮೆ ನೋಡಿದ. ಗಟ್ಟಿಯೇ.

ಆದರೆ ಅವನು ಇನ್ನೊಂದನ್ನು ಕಂಡಿದ್ದ. ಏರಿನಲ್ಲಿ ಉಸಿರು ಹೋಗುವಾಗ ಕರಿ ಹೊಗೆ ಬಂದಿರಲಿಲ್ಲ. ಗಾಳಿ ಕಡಿಮೆಯಾದರೆ ಹೊಗೆ ಕಪ್ಪಾಗಬೇಕು. ಹೊಗೆಯೇ ಇಲ್ಲವೆಂದರೆ ಎಂಜಿನ್ನಿಗೆ ಡಿಸೇಲ್ ಮುಟ್ಟುತ್ತಿಲ್ಲ. ಪಂಪು ಸರಿಯಿದೆ, ಫಿಲ್ಟರು ಸರಿಯಿದೆ. ಹಾಗಾದರೆ ತಪ್ಪು ಇರುವುದು ಅದಕ್ಕೂ ಹಿಂದೆ, ಡಿಸೇಲ್ ಟಾಕಿಯಲ್ಲಿ.

ಕಾಶೆವ್ವ ತವರಾದ ದಡ್ಡಿಗೆ ಹೋಗಿದ್ದ ದಿನ ಅವನು ಟಾಕಿಯ ಪೈಪು ಕಳಚಿ, ಕ್ಯಾಬಿನ್ನಿನ ಹಿಂದೆ ಡಿಸೇಲ್ ತುಂಬಿದ ಡಬ್ಬಿಯೊಂದನ್ನು ಕಟ್ಟಿ, ಅದರಿಂದ ಎಂಜಿನ್ನಿಗೆ ಪೈಪು ಕೊಟ್ಟ. ತುಂಬಿದ ಲಾರಿಯನ್ನು ಏರಿಗೆ ಬಿಟ್ಟರು. ಜಾಲಿಗಿಡ ಬಂತು, ಹಿಂದಕ್ಕೆ ಹೋಯಿತು. ಲಾರಿ ನಿಲ್ಲಲಿಲ್ಲ. ಸಿದ್ರಾಮ ಎಡಗನ್ನಡಿಯಲ್ಲಿ ಗಿಡ ಸಣ್ಣದಾಗುವುದನ್ನು ನೋಡುತ್ತಲೇ ಇದ್ದ.

"ಮೋಸ ಮಾಡಿದಂಗ ಆತಲ್ಲಣ್ಣ," ಎಂದ. "ಹೇಳದ ಕೇಳದ ದಾಟಿಬಿಟ್ವಿ."

"ರಸ್ತೆ ನೋಡಿ ಹೊಡಿ," ಎಂದ ಗುರುಪಾದ. ಅವನ ಬೆನ್ನೂ ಬೆವೆತಿತ್ತು.

ಟಾಕಿ ಇಳಿಸುವ ದಿನ ಕಾಶೆವ್ವ ಬಂದು ಗ್ಯಾರೇಜಿನ ಕಟ್ಟೆಯ ಮೇಲೆ ಕೂತಳು. ಗುರುಪಾದ ಡಿಸೇಲ್ ಖಾಲಿ ಮಾಡಿ, ಬಾಯಿಯ ಸೋಸುವ ಜಾಲರಿ ಎತ್ತಿ, ತಂತಿಯ ಕೊಕ್ಕೆ ಇಳಿಬಿಟ್ಟ. ಏನೋ ಮೆತ್ತನೆಯದು ಸಿಕ್ಕಿತು. ಎಳೆದ. ಬಟ್ಟೆ. ಡಿಸೇಲ್ ಕುಡಿದು ಕರ್ರಗಾಗಿದ್ದರೂ ಅಂಚಿನಲ್ಲಿ ಹಸಿರು ಉಳಿದಿತ್ತು. ಮೂಲೆಯ ಗಂಟಿನಲ್ಲಿ ಒಂದು ಅರಿಷಿಣ ಬೇರು.

ಆ ಗಳಿಗೆಗೆ ಗುರುಪಾದನಿಗೆ ಎಲ್ಲವೂ ತಿಳಿಯಿತು. ಉದ್ದನೆಯ ಏರಿನಲ್ಲಿ ಎಂಜಿನ್ನು ಡಿಸೇಲನ್ನು ಜೋರಾಗಿ ಹೀರುತ್ತದೆ. ಹೀರುತ್ತ ಹೀರುತ್ತ ಬಟ್ಟೆ ಟಾಕಿಯೊಳಗಿನ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ. ಆ ದಾರಿಯಲ್ಲಿ ಅಷ್ಟು ಉದ್ದದ ಏರು ಅದೊಂದೇ, ಜಾಲಿಗಿಡ ಬರುವ ಹೊತ್ತಿಗೆ ಬಾಯಿ ಪೂರಾ ಮುಚ್ಚಿರುತ್ತದೆ. ಅಣ್ಣನ ಮರ್ಯಾದೆಗೆ ಸಿದ್ರಾಮ ಎಂಜಿನ್ ಬಂದ್ ಮಾಡುತ್ತಾನೆ, ಹೀರುವುದು ನಿಲ್ಲುತ್ತದೆ, ಬಟ್ಟೆ ಕಳಚಿ ತಳಕ್ಕೆ ಹೋಗುತ್ತದೆ. ಕಾಶೆವ್ವ 'ನಡಿ' ಅನ್ನುತ್ತಾಳೆ. ಗಾಡಿ ನಡೆಯುತ್ತದೆ. ನಂಬದೆ ಏನು ಮಾಡಿಯಾರು?

ಇದನ್ನು ಹೇಳಬೇಕೆಂದು ತಿರುಗಿದರೆ ಕಾಶೆವ್ವ ಎದ್ದು ನಿಂತಿದ್ದಳು.

"ಅದು ನಮ್ಮ ಗಾಡೀ ಉಡಿ," ಎಂದಳು.

ಲಾರಿ ಕೊಂಡು ತಂದ ದಿನ ಅವಳು ಮನೆಗೆ ಬಂದ ಹೆಣ್ಣುಮಗಳಿಗೆ ತುಂಬುವಂತೆ ಅದಕ್ಕೆ ಉಡಿ ತುಂಬಿದ್ದಳು. ಕುಪ್ಪಸದ ಹಸಿರು ಖಣ, ಅಕ್ಕಿ, ಒಣಕೊಬ್ಬರಿ, ಅಡಿಕೆ, ಅರಿಷಿಣ ಬೇರು. ಗಂಟು ಕಟ್ಟಿ ಮುಂದಿನ ಜಾಲರಿಗೆ ಬಿಗಿದಿದ್ದಳು. ಗಂಡ ಸತ್ತ ಮೇಲೆ ಅದನ್ನು ಬಿಚ್ಚಿ, ದಡ್ಡಿಯ ಹತ್ತಿರ ಘಟಪ್ರಭಾ ಹೊಳೆಗೆ ಬಿಟ್ಟಿದ್ದಳು.

"ಖರೆ," ಎಂದ ಸಿದ್ರಾಮ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ನಾನೂ ಇದ್ದೆ. ನೀರಾಗ ತೇಲಿ ಹೋದದ್ದು ನೋಡೇನಿ."

"ಗೋಕಾಕ ಪ್ಯಾಟ್ಯಾಗ ಹಸರು ಖಣ ಬೇಕಾದಷ್ಟು ಸಿಗತಾವ," ಎಂದ ಭೀಮಶಿ, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

ಕಾಶೆವ್ವ ಬಟ್ಟೆ ಬಿಡಿಸಿ ಒಂದು ದುಂಡನೆಯ ತೂತು ತೋರಿಸಿದಳು. "ಅವರ ಬೀಡಿ ಕಿಡಿ ಬಿದ್ದದ್ದು. ದಸರಾದಾಗ, ಗಾಡಿಗೆ ಖಂಡೇ ಪೂಜಿ ಮಾಡಿದ ದಿನ. ನಾ ಬೈದಿದ್ದೆ."

ಪೈಪಿನ ಬಾಯಿಯ ಅಂಚು ತಿಕ್ಕಿಯೂ ಅಂಥ ತೂತು ಬೀಳಬಹುದು. ಗುರುಪಾದ ಕೊಕ್ಕೆಯ ತಂತಿ ಸುತ್ತತೊಡಗಿದ.

ಅವಳು ಬಟ್ಟೆಯನ್ನು ಅವನತ್ತ ಚಾಚಿದಳು. "ಒಳಗ ಹಾಕಿಬಿಡ್ರಿ ಮಿಸ್ತ್ರಿ. ಇದ್ದಂಗ ಇರ್ಲಿ. ಗಾಡಿ ನಿಂತ್ರ ಅಷ್ಟಽ ಅವರು ಹತ್ತೂದು. ನಿಂದರದಿದ್ರ ಅವರು ಅಲ್ಲೇ ಗಿಡದ ಕೆಳಗ ಉಳೀತಾರ."

ಲಾರಿ ಅವಳದು, ಗಂಡ ಅವಳವನು. ತಾನು ಯಾರು? ಒಂದು ತುಂಡು ಬಟ್ಟೆ ಮರಳಿ ಹಾಕಿದರೆ ಕೇಳುವವರಿಲ್ಲ. ಆದರೆ ಕಿವಿಯಲ್ಲಿ ಆ ಬಸ್ಸಿನ ಹಾರನ್ನು ಇನ್ನೂ ಇತ್ತು.

"ಅಕ್ಕಾರ," ಎಂದ, ನೆಲ ನೋಡುತ್ತ. "ಎದಿ ಹಿಡಕೊಂಡಾಗೂ ನಿಮ್ಮ ಮನಿಯವರು ಗಾಡಿ ಬಾಜೂಕ ಹಚ್ಚಿ, ಬ್ರೇಕ್ ಎಳದು ಹ್ವಾದ್ರು. ಹಿಂದ ಬರೂ ಮಂದಿಗಿ ಏನೂ ಆಗಬಾರದು ಅಂತ. ನಾವು ಅದಽ ಜಾಗಾದಾಗ ಅವರ ತಮ್ಮನ್ನ ನಿಂದರಸಾಕತ್ತೇವಿ. ಒಂದಿನ ಯಾವುದಾರ ಗಾಡಿ ಬಂದು ಹಿಂದಿಂದ ಹೊಡದ್ರ, ಅವರಿಗೆ ಏನಂತ ಹೇಳೋಣ್ರಿ?"

ಕಾಶೆವ್ವ ಬಹಳ ಹೊತ್ತು ಸಿದ್ರಾಮನನ್ನು ನೋಡಿದಳು. ಅವನು ಗಾಲಿಯ ಮೇಲೆ ಕೈ ಇಟ್ಟು ನಿಂತಿದ್ದ. ಅವಳು ಬಟ್ಟೆಯನ್ನು ಹಿಂಡಿ, ಮಡಚಿ, ತನ್ನ ಸೀರೆಯ ಉಡಿಯಲ್ಲೇ ಕಟ್ಟಿಕೊಂಡಳು. ಡಿಸೇಲಿನ ಕಲೆ ಸೀರೆಗೆ ಹರಡಿತು.

"ಟಾಕಿ ಕುಂದರಸ್ರಿ," ಎಂದಳು.

ಅದರ ಮುಂದಿನ ಲೋಡಿಗೆ ಗುರುಪಾದನೂ ಸೇರಿ ಮೂವರೂ ಹೋದರು. ಹತ್ತರಗಿ ದಾಟಿದ ಕೂಡಲೇ, ಯಾರೂ ಹೇಳದೆ, ಕಾಶೆವ್ವ ಒಳಗೆ ಸರಿದು ಬಾಗಿಲ ಬದಿಯ ಜಾಗ ಬಿಟ್ಟಳು. ಏರು ಬಂತು. ಸಿದ್ರಾಮ ಎಕ್ಸಿಲರೇಟರ್ ಒತ್ತಿದ. ಎಂಜಿನ್ನು ದನಿ ತಗ್ಗಿಸಲಿಲ್ಲ. ಜಾಲಿಗಿಡ ಪಕ್ಕಕ್ಕೆ ಬಂತು. ಬಾಗಿಲು ಮುಚ್ಚಿಯೇ ಇತ್ತು, ಲಾರಿ ಓಡುತ್ತಲೇ ಇತ್ತು. ಆಗ ಕ್ಯಾಬಿನ್ನು ಎಡಕ್ಕೆ ಚೂರು ವಾಲಿತು.

ಏರಿನ ತಲೆಗೆ ಬಂದ ಮೇಲೆ ಕಾಶೆವ್ವ ಉಸಿರು ಬಿಟ್ಟಳು. ಅವಳ ತುಟಿಯಲ್ಲಿ ನಗುವಿನಂಥದು ಇತ್ತು.

"ಓಡೂ ಗಾಡಿ ಹತ್ತೂದು ಅವರಿಗೇನ ಹೊಸಾದಲ್ಲ," ಎಂದಳು. "ಮೊದಲು ಕ್ಲೀನರ್ ಇದ್ರು."

ಸಿದ್ರಾಮ ಈಗ ಆ ಏರಿನಲ್ಲಿ ನಿಲ್ಲಿಸುವುದಿಲ್ಲ. ಲಾರಿ ಚೆನ್ನಾಗಿ ಎಳೆಯುತ್ತಿದೆ.

ಹೊಳೆಗೆ ಬಿಟ್ಟ ಖಣ ಬೀಗ ಹಾಕಿದ ಟಾಕಿಯೊಳಗೆ ಹೇಗೆ ಬಂತು, ಅದು ಆ ಖಣವೇ ಹೌದೋ ಅಲ್ಲವೋ, ಗೊತ್ತಿಲ್ಲ. ಟಾಕಿಯ ಕೀಲಿ ಕಾಶೆವ್ವನ ಮನೆಯ ಗೋಡೆಯ ಮೊಳೆಗೆ ತೂಗುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಯಾರು ತೆಗೆದುಕೊಂಡರೆಂದು ಗುರುಪಾದ ಯಾರನ್ನೂ ಕೇಳಲಿಲ್ಲ. ಜಾಲಿಗಿಡದ ಹತ್ತಿರ ರಸ್ತೆಯೇ ಎಡಕ್ಕೆ ತುಸು ಇಳಿದಿದೆ, ಅದಕ್ಕೇ ಗಾಡಿ ವಾಲುತ್ತದೆ ಎಂದು ಸಿದ್ರಾಮ ಹೇಳುತ್ತಾನೆ. ಇರಬಹುದು. ಬಿಗಿದ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡುವ ಗುರುಪಾದ, ಇದೊಂದನ್ನು ಮಾತ್ರ ಇನ್ನೂ ಹೋಗಿ ನೋಡಿಲ್ಲ. ಹಾಗಾಗಿ ನನಗೂ ಗೊತ್ತಿಲ್ಲ.